ಶಾಲೆ ಹೊಲದ ಹಿಕ್ಕಿ

ಬೀರದೇವನ ಮುದಿ ಟಗರು ಹಿಂದಿನ ಸಂಜೆ ಬದು ದಾಟಿದ್ದರೆ ಉಟಗಿ ಊರಲ್ಲಿ ಆ ಬೆಳಿಗ್ಗೆ ಯಾರ ಎದೆಯೂ ಧಸಕ್ಕೆನ್ನುತ್ತಿರಲಿಲ್ಲ. ಅದು ದಾಟಲಿಲ್ಲ. ಬದುವಿನ ಈಚೆಗೇ ಕಾಲು ಮಡಚಿ ಕೂತಿತು. ಟಗರು ಕೂತ ಮೇಲೆ ಕುರಿಗಳೆಲ್ಲ ಅದರ ಸುತ್ತ ಕೂತವು. ಬಿಸಿಲಲ್ಲಿ ಅಲೆದು ಬಂದಿದ್ದ ಬೀರದೇವನಿಗೂ ನಿಲ್ಲುವ ತ್ರಾಣವಿರಲಿಲ್ಲ. ಕಂಬಳಿ ಹೊದ್ದು ಅಲ್ಲೇ ಒರಗಿದ.

ಬೆಳಿಗ್ಗೆ ಅವನನ್ನು ತಿವಿದು ಎಬ್ಬಿಸಿದ್ದು ಮುರಗೆಪ್ಪನ ಛತ್ರಿ. ಮುರಗೆಪ್ಪ ಊರಿನ ಕಿರಾಣಿ ಅಂಗಡಿಯವ, ಶಾಲಾ ಸಹಾಯಕ ಮಂಡಳಿಯ ಅಧ್ಯಕ್ಷ. ಜತ್ತ ಸಂಸ್ಥಾನದ ರಾಜರ ಆಳಿಕೆ ಹೋಗಿ ಸರಕಾರಿ ಬೋರ್ಡಿನ ಶಾಲೆ ಬಂದಿತ್ತು, ನಿಜ. ಆದರೆ ಬೋರ್ಡು ಕೊಟ್ಟದ್ದು ಒಬ್ಬ ಮಾಸ್ತರನ್ನು, ಒಂದು ಕರಿಹಲಗೆಯನ್ನು. ಮಾಡಿನ ಹಂಚು, ಮಕ್ಕಳ ಪಾಟಿ, ಕುಡಿಯುವ ನೀರಿನ ಹಂಡೆ, ಇವೆಲ್ಲ ಮಂಡಳಿಯ ತಲೆನೋವು. ಈ ವರ್ಷ ಸಂಖ ಊರಿನಲ್ಲಿರುವ ರುಕ್ಮವ್ವ ಎಂಬ ವಿಧವೆ ತನ್ನ ಪಾಲಿಗೆ ಬಂದ ಹೊಲವನ್ನೇ ಶಾಲೆಗೆ ಕೊಟ್ಟಿದ್ದಳು. ಅದರಲ್ಲಿ ಬೆಳೆದ ಜೋಳ ಮಾರಿ ಶಾಲೆಯ ಖರ್ಚು ನೀಗಿಸುವುದೆಂದು ಮಂಡಳಿ ಠರಾವು ಮಾಡಿತ್ತು. ಹೊಲಕ್ಕೆ ಮೊದಲು ಗೊಬ್ಬರ ಬೇಕಲ್ಲ, ಅದಕ್ಕೇ ಬೀರದೇವನನ್ನು ಹಿಡಿದಿದ್ದರು.

ಕುರಿ ಹಿಂಡು ಒಂದು ರಾತ್ರಿ ಹೊಲದಲ್ಲಿ ತಂಗಿದರೆ ಆ ಕಡೆಯ ರೈತರು ಕುರಿಯವನಿಗೆ ಜೋಳ ಅಳೆದು ಕೊಡುತ್ತಾರೆ. ಬೀರದೇವ ಜೋಳ ಬೇಡವೆಂದಿದ್ದ. ಅವನಿಗೆ ಬೇಕಾದದ್ದು ಮಗಳು ಯಲ್ಲವ್ವನಿಗೆ ಶಾಲೆ. ಕುರಿಯವರ ಮಕ್ಕಳು ನಾಲ್ಕು ದಿನ ಬಂದು ಹಿಂಡಿನ ಬೆನ್ನು ಹತ್ತಿ ಮಾಯವಾಗುತ್ತಾರೆ, ಮಂಡಳಿ ಹಾಮಿ ನಿಂತು ಹೊಣೆ ಹೊತ್ತರಷ್ಟೇ ಸೇರಿಸಿಕೊಳ್ಳುತ್ತೇನೆ ಎಂದು ಮಾಸ್ತರು ಹೇಳಿಬಿಟ್ಟಿದ್ದರು. ಶಾಲೆಗೆ ಏನಾದರೂ ಕೊಟ್ಟವರಿಗೆ ಮಾತ್ರ ಮಂಡಳಿಯ ಹಾಮಿ ಎಂದು ಮುರಗೆಪ್ಪ ಹೇಳಿದ್ದ. ಬೀರದೇವನ ಹತ್ತಿರ ಕೊಡಲಿಕ್ಕೆ ಇದ್ದದ್ದು ಕುರಿಯ ಹಿಕ್ಕಿ ಒಂದೇ. ಮರುದಿನ ನಸುಕಿಗೆ ಅವನ ಹಿಂಡು ಸಂಖದ ಕಡೆ ಹೊರಡಬೇಕು, ಹುಡುಗಿ ಅಜ್ಜಿಯ ಬಳಿ ಉಳಿದು ಶಾಲೆಗೆ ಹೋಗಬೇಕು. ಆಗುವುದಿದ್ದರೆ ಇವತ್ತೇ ಆಗಬೇಕಿತ್ತು.

"ಏಳೋ ಬೀರದೇವ. ಯಾರ ಹೊಲದಾಗ ಕುರಿ ನಿಂದರ್ಸೀದಿ ನೋಡು," ಅಂದ ಮುರಗೆಪ್ಪ.

ಬೀರದೇವ ಕಣ್ಣುಜ್ಜಿಕೊಂಡು ನೋಡಿದ. ಬದುವಿನ ಮೇಲ್ಗಡೆ ಕಲ್ಲು ತುಂಬಿದ ಮರಡಿ ಹೊಲ. ಕೆಳಗಡೆ, ತಾನು ಮಲಗಿದ್ದಲ್ಲಿ, ಕರಿ ಎರೆ ಹೊಲ. ರುಕ್ಮವ್ವನೂ ಅವಳ ಮೈದುನ ರೇವಪ್ಪನೂ ಹೋದ ತಿಂಗಳಷ್ಟೇ ಸಂಖದಲ್ಲಿ ಹಿರಿಯರನ್ನು ಕೂಡಿಸಿ ಇವನ್ನು ಪಾಲು ಮಾಡಿಕೊಂಡಿದ್ದರು. ಮೇಲಿನ ಮರಡಿ ಶಾಲೆಯದು, ಈ ಎರೆ ರೇವಪ್ಪನದು ಎಂದು ಮುರಗೆಪ್ಪ ಛತ್ರಿಯಿಂದ ತೋರಿಸಿ ಹೇಳಿದ.

ಬೀರದೇವ ಕಂಬಳಿ ಬಿಸಾಕಿ ಎದ್ದು ನಿಂತ. ಹೋಗಿ ಹೋಗಿ ರೇವಪ್ಪನ ಹೊಲವೇ! ಶಾಲೆಗೆ ಒಂದು ಹಂಚು ಕೇಳಲು ಹೋದ ಮಂಡಳಿಯವರನ್ನು ಅಂಗಳದಲ್ಲೇ ನಿಲ್ಲಿಸಿ, ಕುಡಿಯಲು ನೀರೂ ಕೊಡದೆ ಅಟ್ಟಿದ ಪುಣ್ಯಾತ್ಮ ಅವನು. ಅಂಥವನ ಹೊಲಕ್ಕೆ ಇಡೀ ಹಿಂಡಿನ ಗೊಬ್ಬರ ಪುಕ್ಕಟೆ ಬಿದ್ದಿತ್ತು.

ಊರಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಬಯಲಿಗೆ ಹೊರಟವರು, ನೀರಿಗೆ ಹೊರಟವರು, ಸುಮ್ಮನೆ ಹೊರಟವರು, ಎಲ್ಲ ಬಂದು ಬದುವಿನ ಮೇಲೆ ಸಾಲಾಗಿ ನಿಂತರು. ಕುರಿ ಕಾಯುವವನಿಗೆ ಹೊಲದ ಗುರುತು ತಿಳಿಯಬಾರದೇ ಎಂದು ಒಬ್ಬೊಬ್ಬರೂ ಒಂದೊಂದು ಮಾತು ಅಂದರು. ಊರ ಪಂಚಾಯ್ತಿಯೆಲ್ಲ ತನ್ನದೇ ಎಂಬಂತೆ ಓಡಾಡುವ ದುಂಡವ್ವ ಮಾತ್ರ ಉಪಾಯ ಹೇಳಿದಳು. ಹಿಕ್ಕಿ ಗುಡಿಸಿ ಬುಟ್ಟಿಗೆ ತುಂಬಿ ಮರಡಿಗೆ ಹೊತ್ತು ಹಾಕಬೇಕು. ಆದರೆ ರೇವಪ್ಪ ಬಿಡಬೇಕಲ್ಲ ಎಂದು ಮುರಗೆಪ್ಪ ತಲೆ ಕೆರೆದುಕೊಳ್ಳುತ್ತಿದ್ದಾಗ ರೇವಪ್ಪನೇ ಬಂದ.

ಬಂದವನು ಹಿಕ್ಕಿ ನೋಡಿದ. ಮರಡಿ ನೋಡಿದ. ಮುರಗೆಪ್ಪನ ಮುಖ ನೋಡಿದ. ಬದುವಿನ ಮೇಲೆ ಕೂತು ನಿಧಾನಕ್ಕೆ ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಂಡ. ಜಗಳಕ್ಕೆ ಸಜ್ಜಾಗಿ ಜನ ಹತ್ತಿರ ಸರಿದರು.

"ಎಲ್ಲಾ ಹೊತ್ತು ಮ್ಯಾಲಿನ ಹೊಲಕ್ಕ ಹಾಕ್ರಿ," ಅಂದ ರೇವಪ್ಪ. "ಇಲ್ಲಿ ಒಂದು ಹಿಕ್ಕಿ ಉಳೀಬಾರ್ದು. ಇನ್ನೊಬ್ರ ಹೊಲದ ಲಾಭ ನನಗ್ಯಾಕ?"

ಜನ ದಂಗಾಗಿ ನಿಂತರು. ದುಂಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುರಗೆಪ್ಪನಂತೂ ಕೈಮುಗಿದು, ಮಂಡಳಿ ಇದನ್ನು ಮರೆಯುವುದಿಲ್ಲ ಅಂದ. ರೇವಪ್ಪ ಅಲ್ಲಿಗೇ ನಿಲ್ಲಲಿಲ್ಲ. ಮನೆಯಿಂದ ತನ್ನವೇ ಬುಟ್ಟಿ, ಸಲಿಕೆ ತರಿಸಿಕೊಟ್ಟ. ಇವನಿಗೆ ಮೈಯಲ್ಲಿ ಸರಿಯಿಲ್ಲವೇನೋ ಎಂದು ಕೆಲವರು ಪಿಸುಗುಟ್ಟಿದರು.

ಹೊರುವವನು ಬೀರದೇವ, ಹೇಳುವವರು ಊರೆಲ್ಲ. ಕುರಿಗಳು ಮತ್ತೆ ಅಲ್ಲೇ ಹಿಕ್ಕಿ ಹಾಕಿಯಾವೆಂದು ಅವನ್ನು ದಾರಿ ಬದಿಯ ಮುಳ್ಳುಬೇಲಿಯೊಳಗೆ ಕೂಡಿಸಿದ್ದಾಯಿತು. ಹಿಕ್ಕಿ ಗುಡಿಸಿ ಮುಗಿಸಿದಾಗ ದುಂಡವ್ವ, ಕುರಿಯ ಗಂಜಲ ಕುಡಿದ ಮಣ್ಣಿನಲ್ಲೇ ನಿಜವಾದ ಕಸುವು ಇರುವುದು ಅಂದಳು. ಸರಿ, ಮಣ್ಣನ್ನೂ ಕೆರೆದು ಹೊತ್ತ. ಒಂದೇ ಕಡೆ ಗುಡ್ಡೆ ಹಾಕಬೇಡ, ಕೈಯಿಂದ ಹರಡು ಎಂದು ರೇವಪ್ಪ ಹೇಳಿದ. ಹರಡಿದ. ಬೀರದೇವನ ಹೆಂಡತಿ ಅಕ್ಕವ್ವ ರೊಟ್ಟಿ ತಂದು, ಕುರಿ ಮೇಯಿಸುವುದು ಯಾವಾಗ ಎಂದು ಕೇಳಿದಳು. ಯಲ್ಲವ್ವನ ಶಾಲೆ ಮೊದಲು, ಕುರಿ ಆಮೇಲೆ ಎಂದು ಅವಳ ಬಾಯಿ ಮುಚ್ಚಿಸಿದ. ಹೊತ್ತು ಇಳಿಯುವ ಹೊತ್ತಿಗೆ ಅವನು ನಡು ಬಾಗಿ, ಮಾತಾಡಿಸಿದವರ ಮುಖ ಬಿಟ್ಟು ಕಾಲಿಗೆ ಉತ್ತರ ಕೊಡುವಂತಾಗಿದ್ದ.

ಕೊನೆಯ ಬುಟ್ಟಿ ಸುರಿಯುವಾಗ ಸಂಖದ ಕಡೆಯಿಂದ ಒಂದು ಚಕ್ಕಡಿ ಬಂತು. ಇಳಿದವಳು ರುಕ್ಮವ್ವ. ತಾನು ಕೊಟ್ಟ ಹೊಲಕ್ಕೆ ಮೊದಲ ಗೊಬ್ಬರ ಬೀಳುವುದನ್ನು ಕಣ್ತುಂಬ ನೋಡಲು ಬಂದಿದ್ದಳು. ಅವಳು ಕೆಳಗೆ ನೋಡಿದಳು, ಮೇಲೆ ನೋಡಿದಳು. ಕೈ ಎದೆಯ ಮೇಲೆ ಹೋಯಿತು.

"ಮುರಗೆಪ್ಪಣ್ಣಾ, ಸಾಲಿ ಹೊಲದ ಮಣ್ಣು ಕೆರದು ನನ್ನ ಮೈದುನನ ಹೊಲಕ್ಕ ಯಾಕ ಹಾಕೀರಿ?"

ಮುರಗೆಪ್ಪನ ಕೈಯಿಂದ ಛತ್ರಿ ಜಾರಿತು. "ನೀವು ಕೊಟ್ಟಿದ್ದು ಮರಡಿ ಅಲ್ಲೇನ್ರಿ ಅವ್ವಾರ?"

"ಮರಡಿ ಅಂತ ಯಾರು ಹೇಳಿದ್ರು ನಿಮಗ?"

ಯಾರೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ದಾನ ಅಂದ ಕೂಡಲೇ ಕಲ್ಲುಹೊಲವೆಂದು ಮಂಡಳಿಯೆಲ್ಲ ಒಮ್ಮತದಿಂದ ನಂಬಿಬಿಟ್ಟಿತ್ತು.

"ಮಕ್ಕಳಿಗೆ ಕೊಡೂದು ಅಂದ್ರ ಕಲ್ಲು ಕೊಡ್ತಾರೇನು?" ಅಂದಳು ರುಕ್ಮವ್ವ. ಎಲ್ಲರ ಕಣ್ಣು ರೇವಪ್ಪನ ಕಡೆ ತಿರುಗಿದವು.

ರೇವಪ್ಪ ತನ್ನ ಬುಟ್ಟಿಗಳನ್ನು ಒಂದರೊಳಗೊಂದು ಇಡುತ್ತಿದ್ದ. "ನಾ ಏನ್ ಸುಳ್ಳು ಹೇಳಿದ್ನಿ? ಇನ್ನೊಬ್ರ ಹೊಲದ ಲಾಭ ನನಗ್ಯಾಕ ಅಂದ್ನಿ, ನನ್ನ ಹೊಲಕ್ಕ ಹಾಕಿಸ್ಕೊಂಡ್ನಿ. ಈಗ ನನ್ನ ಹೊಲದಾಗ ಬಿದ್ದದ್ದು ನಂದು. ಯಾರೂ ಮುಟ್ಟಬ್ಯಾಡ್ರಿ," ಎಂದು ಹೇಳಿ ಮನೆಯ ದಾರಿ ಹಿಡಿದ. ರುಕ್ಮವ್ವ ಬೈಯುತ್ತ ಅವನ ಬೆನ್ನು ಹತ್ತಿದಳು.

ಬೀರದೇವನಿಗೆ ಮಾತ್ರ ಮೆಲ್ಲಗೆ ಬೆಳಕು ಹರಿಯಿತು. ಅಂದರೆ ತಾನು ರಾತ್ರಿ ಸರಿಯಾದ ಹೊಲದಲ್ಲೇ ಮಲಗಿದ್ದ! ಬೆಳಗಿನಿಂದ ತಿಂದ ಬೈಗುಳವೆಲ್ಲ ಸುಮ್ಮನೆ. ನಡು ನೆಟ್ಟಗೆ ಮಾಡಲು ನೋಡುತ್ತ, "ಹಂಗಾದ್ರ ನಂದು ಮುಟ್ಟಿದಂಗಾತಲ್ರಿ ಸಾವ್ಕಾರ್ರ? ಹುಡುಗಿಗೆ ಹಾಮಿ ನಿಂದ್ರತೀರಲ್ರಿ?" ಎಂದು ಕೇಳಿದ.

ಮುರಗೆಪ್ಪನ ಸಿಟ್ಟಿಗೆ ಒಂದು ಜಾಗ ಬೇಕಿತ್ತು, ಸಿಕ್ಕಿತು. "ಎಲ್ಲಿ ಮುಟ್ಟೇದ? ಹೊತ್ತು ಅಲ್ಲಿ ಹಾಕಿದಾಂವ ನೀನ. ನಾವು ಹೇಳಿದ್ವಿ ಅಂತ ಹೊರೂದೇನು? ನಿನ್ನ ಕುರಿ ಬರೋಬರಿ ಕುಂತಿದ್ವು. ಅವಕ್ಕ ಇದ್ದ ತಿಳುವಳಿಕಿ ನಿನಗಿಲ್ಲ."

ಜನ ಹೌದೆಂದು ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವಳು ದುಂಡವ್ವ. ಮಂಡಳಿಯವರು ಅಲ್ಲೇ ನಿಂತು ತೀರ್ಮಾನ ಮಾಡಿದರು. ಈ ರಾತ್ರಿ ಎರೆ ಹೊಲದಲ್ಲಿ ಕುರಿ ಮತ್ತೆ ತಂಗಬೇಕು, ನಸುಕಿಗೆ ಹಿಂಡು ಹೊರಡುವ ಮೊದಲು ಅಧ್ಯಕ್ಷರು ಬಂದು ಹಿಕ್ಕಿ ಕಣ್ಣಾರೆ ಕಂಡ ಮೇಲೆ ಮಾಸ್ತರರ ಹತ್ತಿರ ಮಾತು.

ಬೀರದೇವ ಮುಳ್ಳುಬೇಲಿ ಸರಿಸಿ ಹಿಂಡನ್ನು ಹೊಲಕ್ಕೆ ತಂದ. ಒಂದೊಂದು ಕುರಿಯ ಹೊಟ್ಟೆಯೂ ಬೆನ್ನಿಗೆ ಹತ್ತಿತ್ತು.

"ಸಾವ್ಕಾರ್ರ, ಇವು ಮುಂಜಾನಿಂದ ಒಂದ ಎಸಳು ತಿಂದಿಲ್ರಿ. ರಾತ್ರಿ ಎಲ್ಲಿಂದ ಹಿಕ್ಕಿ ಹಾಕ್ತಾವು?"

ಮುರಗೆಪ್ಪ ಛತ್ರಿ ಎತ್ತಿಕೊಂಡು ಮಣ್ಣು ಝಾಡಿಸಿದ.

"ಅದು ನಿನಗ, ನಿನ್ನ ಕುರಿಗೆ ಸಂಬಂಧ ಪಟ್ಟದ್ದು. ಮಂಡಳಿ ಮುಂಜಾನಿ ಬಂದು ನೋಡ್ತದ."