ಓದುವ ಮೊದಲು ಅಳೆಯುವ ಅತ್ತೆ

ನಮ್ಮ ಯಜಮಾನರ ಸೋದರತ್ತೆ ಯಾವುದನ್ನೇ ಆಗಲಿ, ಓದುವ ಮೊದಲು ಅಳೆಯುತ್ತಾರೆ. ಕಥೆಯಿರಲಿ, ಮದುವೆಯ ಲಗ್ನಪತ್ರಿಕೆಯಿರಲಿ, ವೈಕುಂಠ ಸಮಾರಾಧನೆಯ ಕಾರ್ಡೇ ಇರಲಿ, ಮೊದಲು ಪದ ಎಣಿಸಬೇಕು! ಬೆಳಿಗ್ಗೆ ನಾನು ದೇವರ ಮುಂದೆ ಕೂತು ಸ್ತೋತ್ರ ಹೇಳುತ್ತಿದ್ದರೆ ಹಿಂದಿನಿಂದ ದನಿ ಬರುತ್ತದೆ: “ಉದ್ದ ಆಯ್ತು ಕಣೇ. ಅರ್ಧಕ್ಕೇ ದೇವರು ಎದ್ದು ಹೋಗಿರ್ತಾನೆ.” ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಎದ್ದು ಹೋದರೂ ನೈವೇದ್ಯದ ಹೊತ್ತಿಗೆ ಅವನು ವಾಪಸು ಬರಲೇಬೇಕಲ್ಲ!

ಅತ್ತೆ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕದ ಟೀಚರಾಗಿದ್ದವರು. ಮದುವೆಯಾಗಲಿಲ್ಲ. ನಿವೃತ್ತರಾದ ಮೇಲೆ ಬಸವನಗುಡಿಯ ನಮ್ಮ ಮನೆಯ ಮಹಡಿ ಕೋಣೆಗೆ ಬಂದರು. ಕೈಕಾಲು ಗಟ್ಟಿ, ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಇಂಥವರು ಸುಮ್ಮನೆ ಕೂತರೆ ಮನೆಮಂದಿಗೆ ಕಷ್ಟ. ರಾಯರ ದಯೆ, ಅವರಿಗೊಂದು ಬ್ಲಾಗು ಸಿಕ್ಕಿತು.

ಅದೊಂದು ಅಂತರ್ಜಾಲ ತಾಣ. ಯಾರು ಬೇಕಾದರೂ ಬರೆಯಬಹುದು. ಮೆಚ್ಚಿದ ಓದುಗರು ನಾಣ್ಯ ಹಾಕುತ್ತಾರೆ. ಹೆಸರಿಗಷ್ಟೇ ನಾಣ್ಯ, ಗಾಂಧಿಬಜಾರಿನಲ್ಲಿ ಅದನ್ನು ತೋರಿಸಿದರೆ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ಬರುವುದಿಲ್ಲ. ಆದರೆ ಹೆಚ್ಚು ನಾಣ್ಯ ಬಿದ್ದ ಬರಹ ತಾಣದ ಮುಖಪುಟಕ್ಕೆ ಏರುತ್ತದೆ, ಅಲ್ಲಿ ಊರೂರಿನವರ ಕಣ್ಣಿಗೆ ಬೀಳುತ್ತದೆ. ಅತ್ತೆಗೆ ಬೇಕಾದದ್ದು ಆ ಮುಖಪುಟ.

ಯಾಕೆ ಅಂತೀರಾ? ಅತ್ತೆ ಚಾಮರಾಜಪೇಟೆಯಲ್ಲಿ ಬೆಳೆದವರು. ಪಕ್ಕದ ವಠಾರದಲ್ಲಿ ಅವರಿಗೊಬ್ಬ ಗೆಳತಿ ಇದ್ದಳು. ಅವಳ ತಂದೆಗೆ ದೂರದ ಊರಿಗೆ ವರ್ಗವಾಯಿತು. ಕೆಲಕಾಲ ಕಾಗದ ಬರುತ್ತಿತ್ತು. ಆಮೇಲೆ ಮದುವೆ ಗೊತ್ತಾಗಿದೆ ಎಂದು ಒಂದು ಕಾಗದ, ಅದೇ ಕೊನೆ. ಆ ಕಾಲದಲ್ಲಿ ಧಾರೆಯಾದ ಮೇಲೆ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಸಿ ಸೊಸೆಯನ್ನು ಮನೆತುಂಬಿಸಿಕೊಳ್ಳುತ್ತಿದ್ದರಲ್ಲ? ಹುಟ್ಟಿದ ಹೆಸರೂ ಹೋಯಿತು, ಅಪ್ಪನ ಹೆಸರೂ ಹೋಯಿತು. ಇನ್ನು ಹುಡುಕುವುದು ಯಾರನ್ನು?

“ನಾನು ಅವಳನ್ನ ಹುಡುಕಕ್ಕಾಗಲ್ಲ ಕಣೇ, ಅವಳೇ ನನ್ನ ಹುಡುಕ್ಬೇಕು. ನಾನು ಎಲ್ಲರಿಗೂ ಕಾಣೋ ಜಾಗದಲ್ಲಿ ನಿಂತ್ಕೋಬೇಕು, ಅಷ್ಟೇ” ಎಂದರು ಅತ್ತೆ.

ನಿಲ್ಲುವುದಕ್ಕೂ ಲೆಕ್ಕ ಬೇಡವೇ! ತಾಣದ ಬರಹಗಳನ್ನೆಲ್ಲ ಜಾಲಾಡಿ, ಯಾವುದು ಎಷ್ಟು ಉದ್ದ, ಯಾವುದಕ್ಕೆ ಎಷ್ಟು ನಾಣ್ಯ ಎಂದು ಕಂಪ್ಯೂಟರಿಗೆ ತುಂಬಿಸಿದರು. ಒಂದು ದಿನ ನನ್ನನ್ನು ಮಹಡಿಗೆ ಕರೆದು ಪರದೆ ತೋರಿಸಿದರು. ತುಂಬಾ ಚುಕ್ಕಿಗಳು.

“ಒಗ್ಗರಣೆ ಸಿಡಿದಿರೋ ಹಾಗಿದೆ ಅತ್ತೆ” ಎಂದೆ.

“ಸಿಡಿದಿರೋದಲ್ಲ ಕಣೇ. ಅಡ್ಡಕ್ಕೆ ಉದ್ದ, ಮೇಲಕ್ಕೆ ನಾಣ್ಯ. ಸರಿಯಾಗಿ ನೋಡು, ಒಂದು ಗೆರೆ ಇದೆ.”

“ನಂಗೆ ಕಾಣ್ತಿಲ್ಲ.”

“ದೇವರು ಕಾಣ್ತಾನಾ? ನಂಬ್ತೀಯ ತಾನೇ? ಇದನ್ನೂ ನಂಬು.”

ನಂಬಿದೆ. ಆ ಗೆರೆಯ ಪ್ರಕಾರ, ಬರಹ ಚಿಕ್ಕದಾದಷ್ಟೂ ನಾಣ್ಯ ಜಾಸ್ತಿ. ಅಂದಿನಿಂದ ಮನೆಯಲ್ಲಿ ಯಾರೂ ಎರಡು ವಾಕ್ಯದ ಮೇಲೆ ಮಾತಾಡುವ ಹಾಗಿಲ್ಲ. ನಮ್ಮ ಯಜಮಾನರು ಆಫೀಸಿನ ಜಗಳವನ್ನು ಮೊದಲಿಂದ ಹೇಳಲು ಶುರು ಮಾಡಿದರೆ, “ಕೊನೇಗೆ ಗೆದ್ದಿದ್ದು ಯಾರು, ಅಷ್ಟು ಹೇಳೋ” ಎನ್ನುತ್ತಿದ್ದರು ಅತ್ತೆ. ಯಜಮಾನರು ಬಾಯಿ ಮುಚ್ಚಿಕೊಂಡು ಸಾರನ್ನ ಕಲಸಿಕೊಳ್ಳುತ್ತಿದ್ದರು. ಗೆದ್ದವರು ಇವರಲ್ಲ ಎಂದು ಎಲ್ಲರಿಗೂ ತಿಳಿಯುತ್ತಿತ್ತು! ಜಗಳದ ಕಥೆ ಇಲ್ಲದೆ ಊಟ ಮುಗಿಯಿತಲ್ಲ, ನನ್ನ ಲೆಕ್ಕದಲ್ಲಿ ಅದೂ ದೇವರ ದಯೆಯೇ.

ಸತ್ಯನಾರಾಯಣ ಪೂಜೆಯ ದಿನ ಮಾತ್ರ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಕಥೆಯ ಮೂರನೇ ಅಧ್ಯಾಯ ಮುಗಿಯುವಾಗ ಅತ್ತೆ ಪುರೋಹಿತರ ಕಡೆ ಬಾಗಿದರು.

“ಆಚಾರ್ರೇ, ಇಲ್ಲಿಂದಾಚೆಗೆ ಕೇಳೋರು ಕಮ್ಮಿ ಆಗ್ತಾರೆ. ಹಿಂದೆ ನೋಡಿ, ಇಬ್ಬರು ಆಕಳಿಸ್ತಿದಾರೆ, ಒಬ್ಬರು ಫೋನು ನೋಡ್ತಿದಾರೆ. ಉಳಿದಿದ್ದನ್ನ ಒಂದೇ ಅಧ್ಯಾಯ ಮಾಡ್ಬಾರ್ದಾ?”

ಆಚಾರ್ಯರು ಕಳಸಕ್ಕೆ ಹೂ ಏರಿಸುತ್ತಾ ಶಾಂತವಾಗಿ ಹೇಳಿದರು: “ಅದಕ್ಕೇ ಅಲ್ವೇನಮ್ಮಾ ಪ್ರಸಾದ ಕೊನೇಗೆ ಇಟ್ಟಿರೋದು!”

ಅತ್ತೆ ಸೋತರು ಎಂದುಕೊಂಡಿರಾ? ಇಲ್ಲ, ಕಲಿತರು! ಮರುದಿನದಿಂದ ಪ್ರತಿ ಬರಹದ ಕೊನೆಗೂ ಒಂದು ಅಡುಗೆ. ಗೊಜ್ಜವಲಕ್ಕಿ, ಹಿದುಕಿದವರೆ ಸಾರು, ಹೀರೆಕಾಯಿ ಸಿಪ್ಪೆಯ ಚಟ್ನಿ, ಎಲ್ಲ ನನ್ನನ್ನು ಕೇಳಿ ಬರೆದದ್ದೇ. ಓದುಗರು ನೇರವಾಗಿ ಕೊನೆಗೆ ಹಾರಿ, “ಎಷ್ಟು ಚಮಚ ಉಪ್ಪು ಮೇಡಂ?” ಎಂದು ಕೇಳತೊಡಗಿದರು. “ಪೂಜೆಗೆ ಬರದೆ ಪ್ರಸಾದಕ್ಕೆ ಬರೋ ಜನ ಇಲ್ಲೂ ಇದಾರೆ ಕಣೇ!” ಎಂದು ಅತ್ತೆ ಅಡುಗೆಯನ್ನು ಕೈಬಿಟ್ಟರು.

ಕಡೆಗೊಮ್ಮೆ ಗೆಳತಿಯ ಬಗ್ಗೆಯೇ ಬರೆದರು. ಬರೆದದ್ದು ಪುಟಗಟ್ಟಲೆ. ನಾನು ನಡುಮನೆಯಲ್ಲಿ ಅವರೆಕಾಳು ಹಿದುಕುತ್ತಿದ್ದೆ. ಅತ್ತೆ ಎದುರಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಗೆರೆಗೆ ತಕ್ಕ ಹಾಗೆ ಬರಹವನ್ನು ಇಳಿಸುತ್ತಿದ್ದರು. “ಇದು ಬೇಡ. ಇದು ಯಾರಿಗೆ ಬೇಕು? ಇದೂ ಬೇಡ.” ನನ್ನ ಬಟ್ಟಲಿನಲ್ಲಿ ಕಾಳು ಏರುತ್ತಿತ್ತು, ಅವರ ಬರಹ ಇಳಿಯುತ್ತಿತ್ತು. ಕೊನೆಗೆ ಅಂಗೈಯಗಲ ಉಳಿಯಿತು. ನನಗೊಬ್ಬ ಗೆಳತಿಯಿದ್ದಳು, ಕೂಡಿ ಶಾಲೆಗೆ ಹೋಗುತ್ತಿದ್ದೆವು, ಅವಳು ದೂರ ಹೋದಳು, ಇಂದಿಗೂ ನೆನಪಾಗುತ್ತಾಳೆ. ಇಷ್ಟೇ.

ಗೆರೆ ಸುಳ್ಳು ಹೇಳಲಿಲ್ಲ. ಮರುದಿನ ಬರಹ ಮುಖಪುಟದಲ್ಲಿತ್ತು! ನಾಣ್ಯಗಳು ಸುರಿದವು. ನಾನು ತುಪ್ಪದ ದೀಪ ಹಚ್ಚಿದೆ, ಯಜಮಾನರು ಮೈಸೂರು ಪಾಕು ತಂದರು. ಅತ್ತೆ ಮಾತ್ರ ಪರದೆ ಬಿಟ್ಟು ಏಳಲಿಲ್ಲ. ಓದುಗರು ಬರೆದ ಮಾತುಗಳನ್ನು ಒಂದೊಂದಾಗಿ ಓದುತ್ತಿದ್ದರು. ‘ನನ್ನ ಗೆಳತಿಯೂ ಹೀಗೇ.’ ‘ಕಣ್ಣು ತುಂಬಿತು, ನನ್ನ ಗೆಳತಿ ನೆನಪಾದಳು.’ ಎಲ್ಲರಿಗೂ ಅವರವರ ಗೆಳತಿಯರು ಸಿಕ್ಕಿದ್ದರು. ಅತ್ತೆಯ ಗೆಳತಿಯ ಸುಳಿವಿಲ್ಲ.

ಹೀಗೆ ವಾರ ಕಳೆಯಿತು. ಊಟಕ್ಕೆ ಕರೆದರೂ ಅತ್ತೆ ಇಳಿದು ಬರುತ್ತಿರಲಿಲ್ಲ. ಒಂದು ಸಂಜೆ ನಾನೇ ತಟ್ಟೆ ಹಿಡಿದು ಮೇಲೆ ಹೋಗಿ, “ಅತ್ತೆ, ಅವತ್ತು ತೆಗೆದು ಹಾಕಿದ್ರಲ್ಲ, ಅದರಲ್ಲಿ ಏನಿತ್ತು?” ಎಂದು ಕೇಳಿದೆ.

“ಏನಿಲ್ವೇ. ಬಸವಣ್ಣನ ಬಾಲ.”

“ಬಾಲ?”

ಅತ್ತೆ ಹೇಳಿದರು. ನಮ್ಮ ಬಸವನಗುಡಿಯ ಕಲ್ಲಿನ ದೊಡ್ಡ ಬಸವಣ್ಣ ಬೆಳೆಯುತ್ತಲೇ ಇದ್ದನಂತೆ, ನೆತ್ತಿಗೆ ತ್ರಿಶೂಲ ನೆಟ್ಟ ಮೇಲೆ ನಿಂತನಂತೆ ಎಂಬ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಈ ಇಬ್ಬರು ಹುಡುಗಿಯರಿಗೆ ನಿಂತದ್ದರ ಬಗ್ಗೆ ಅನುಮಾನ. ಕಾರ್ತಿಕ ಮಾಸದಲ್ಲಿ ಪ್ರದಕ್ಷಿಣೆಯ ನೆಪದಲ್ಲಿ ವಿಗ್ರಹದ ಹಿಂದಕ್ಕೆ ಹೋಗಿ, ಅರ್ಚಕರಿಗೆ ಕಾಣದ ಹಾಗೆ, ಬಾಳೆನಾರಿನಲ್ಲಿ ಬಾಲವನ್ನು ಅಳೆಯುತ್ತಿದ್ದರಂತೆ! ಒಂದು ವರ್ಷ ಹಿಂದಿನ ವರ್ಷದ ನಾರು ಗಿಡ್ಡವಾಯಿತು. “ಬೆಳೆದಿದಾನೆ ಕಣೇ!” ಎಂದು ಗೆಳತಿ ಚಾಮರಾಜಪೇಟೆಯವರೆಗೂ ಓಡಿದಳಂತೆ. ನಾರು ಒಣಗಿ ಕುಗ್ಗಿದೆ ಎಂದು ಅತ್ತೆ ಎಷ್ಟು ಹೇಳಿದರೂ ಒಪ್ಪಲಿಲ್ಲ. ಮುಂದಿನ ಬೇಸಿಗೆಯಲ್ಲೇ ಅವಳ ಅಪ್ಪನ ವರ್ಗ. ಜಗಳ ಅರ್ಧಕ್ಕೇ ನಿಂತಿದೆ.

ನನಗೆ ತಡೆಯಲಾಗಲಿಲ್ಲ. “ಅತ್ತೆ, ಇದು ನಿಮ್ಮಿಬ್ಬರಿಗೇ ಗೊತ್ತಿರೋದಲ್ವಾ? ಇದನ್ನೇ ತೆಗೆದ್ಬಿಟ್ರೆ, ಇದು ತನ್ನ ಬಗ್ಗೇನೇ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು?”

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ತಟ್ಟೆ ಪಕ್ಕಕ್ಕಿಟ್ಟು ಬರೆಯಲು ಕೂತರು. ನಾರು, ಬಾಲ, ಓಟ, ಜಗಳ ಎಲ್ಲವನ್ನೂ ವಾಪಸು ಸೇರಿಸಿದರು. ವಠಾರದ ನಲ್ಲಿಯೂ ಬಂತು, ಗೆಳತಿಯ ತಾಯಿ ಹಾಕುತ್ತಿದ್ದ ಬಿಗಿಯಾದ ಜಡೆಯೂ ಬಂತು. ಅವಳ ಹುಟ್ಟಿದ ಹೆಸರು ಮೊದಲ ಸಾಲಿಗೇ ಬಂತು. ಎಷ್ಟು ಪದವಾಯಿತೆಂದು ನೋಡಲೇ ಇಲ್ಲ.

ಆ ಬರಹ ಮುಖಪುಟದ ಹತ್ತಿರಕ್ಕೂ ಹೋಗಲಿಲ್ಲ. ದೇವರ ಮುಂದೆ ಸಣ್ಣಪುಟ್ಟ ದಯೆಗಳನ್ನೆಲ್ಲ ನೆನೆದು ಕೈಮುಗಿಯುವ ನನಗೆ, ಈ ಒಂದನ್ನು ಕೇಳಲು ಭಯ. ಗೆಳತಿ ಇದ್ದಾರೋ ಇಲ್ಲವೋ! ಸುಮ್ಮನೆ ಕಣ್ಣು ಮುಚ್ಚಿಕೊಂಡೆ.

ಮೊನ್ನೆ ಮಹಡಿಗೆ ಹೋದಾಗ ಅತ್ತೆ ಕಿಟಕಿಯ ಪಕ್ಕ ಕೂತು ತಲೆ ಬಾಚಿಕೊಳ್ಳುತ್ತಿದ್ದರು. ಲ್ಯಾಪ್‌ಟಾಪ್ ಮುಚ್ಚಿತ್ತು.

“ಯಾರಾದ್ರೂ ಬರೆದ್ರಾ ಅತ್ತೆ?”

“ಇನ್ನೂ ನೋಡಿಲ್ಲ.”

“ಯಾಕೆ?”

“ಅವಸರ ಮಾಡ್ಬಾರ್ದು ಕಣೇ. ಅವಳು ಅಕ್ಷರದ ಕೆಳಗೆ ಬೆರಳಿಟ್ಕೊಂಡು ಓದೋಳು. ಬರ್ದಿರೋದು ಉದ್ದ ಇದೆ. ಹೊತ್ತಾಗುತ್ತೆ.”