ಹಳೆ ಗಿರಾಕಿಯ ದರ

ವಾರಕ್ಕೊಂದೇ ರಜೆ ಸೈಜಣ್ಣನಿಗೆ. ಆ ರಜೆಯ ಬೆಳಿಗ್ಗೆ, ಹಲ್ಲುಜ್ಜುವ ಬ್ರಷ್ಷು ಇನ್ನೂ ಬಾಯಲ್ಲಿರುವಾಗಲೇ, ಮೊಬೈಲಿಗೆ ಒಂದು ಸಂದೇಶ ಬಂತು. "ಪ್ರಿಯ ಗ್ರಾಹಕರೇ, ನಿಮ್ಮ ಟೀವಿ ಚಂದಾದರವನ್ನು ಪರಿಷ್ಕರಿಸಿದ್ದೇವೆಂದು ತಿಳಿಸಲು ಸಂತೋಷಪಡುತ್ತೇವೆ." ಸಂತೋಷ ಕಂಪನಿಯದು, ದುಡ್ಡು ಇವನದು.

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಚಪ್ಪಲಿ ಅಂಗಡಿಯಲ್ಲಿ ಬಹಳ ವರ್ಷ ಕೆಲಸ ಮಾಡಿ, ಗಿರಾಕಿ ಬಾಗಿಲಲ್ಲಿ ನಿಂತಾಗಲೇ ಪಾದದ ಅಳತೆ ಹೇಳಿಬಿಡುತ್ತಿದ್ದುದರಿಂದ ಸೈಜಣ್ಣನಾದ. ಯಾವ ಬೆಲೆಯನ್ನು ಕೇಳಿದರೂ ಮನಸ್ಸಿನಲ್ಲೇ ಅದನ್ನು ಚಪ್ಪಲಿಗೆ ತಿರುಗಿಸಿಕೊಂಡರೇ ಅವನಿಗೆ ಅರ್ಥವಾಗುತ್ತಿದ್ದುದು. ಈ ಏರಿಕೆ ಸರಿಯಾಗಿ ಒಂದು ಜೊತೆ ಬಚ್ಚಲುಮನೆ ಚಪ್ಪಲಿಯ ಬೆಲೆಯಷ್ಟಿತ್ತು. ಪ್ರತಿ ತಿಂಗಳೂ ಒಂದು ಜೊತೆ. ವರ್ಷಕ್ಕೆ ಒಂದು ಕಪಾಟು ತುಂಬುವಷ್ಟು. ಅವನಿಗೆ ಬಾಯಲ್ಲಿದ್ದ ನೊರೆ ಕಹಿಯಾಯಿತು.

ಟೀವಿಯ ಮುಂದೆ ಅತ್ತೆ ಕೂತಿದ್ದರು. ಹೆಂಡತಿಯ ತಾಯಿ. ಮಾವ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದವರು, ಜೊತೆಗೆ ಗಂಡನ ಕೈಕುರ್ಚಿಯನ್ನೂ ತಂದಿದ್ದರು. ಬೆಳಿಗ್ಗೆ ಎದ್ದೊಡನೆ ದೇವರಿಗೆ ಕೈಮುಗಿದು ಟೀವಿ ಹಾಕುವರು. ನೋಡಲೇಬೇಕೆಂದೇನಿಲ್ಲ. ಮನೆಯಲ್ಲಿ ಯಾರೋ ಮಾತಾಡುತ್ತಿರಬೇಕು, ಅಷ್ಟೇ. ಮಾತಾಡುತ್ತಿದ್ದವರು ಎದ್ದುಹೋದ ಮೇಲೆ ಮನೆ ಎಷ್ಟು ದೊಡ್ಡದಾಗುತ್ತದೆಂದು ಕಂಡವರಿಗೇ ಗೊತ್ತು.

ಆದರೆ ರಾತ್ರಿಯ ಎಂಟು ಗಂಟೆ ಮಾತ್ರ ಸೈಜಣ್ಣನದು. ದಿನವಿಡೀ ಕಂಡವರ ಕಾಲ ಬಳಿ ಮಂಡಿಯೂರಿ ಕೂತವನಿಗೆ, ಎಂಟು ಗಂಟೆಗೆ ಕೈಕುರ್ಚಿಯಲ್ಲಿ ಒರಗಿ, ಬೇರೆಯವರು ನೆಲಕ್ಕೆ ಬೀಳುವುದನ್ನು ನೋಡಬೇಕು. ಹಾಗಾಗಿ ಕುಸ್ತಿಯ ವಾಹಿನಿ. ಅತ್ತೆಯ ಧಾರಾವಾಹಿಯೂ ಅದೇ ಹೊತ್ತಿಗೆ ಬರುತ್ತಿತ್ತು. ಅವರು ಏನಾದರೂ ಅಂದರೆ ಸೈಜಣ್ಣನ ಉತ್ತರ ಸಿದ್ಧವಾಗಿರುತ್ತಿತ್ತು: "ಕನೆಕ್ಷನ್ ಯಾರ ಹೆಸರಲ್ಲಿದೆ ಅತ್ತೆ?" ಅತ್ತೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು.

ಆ ದಿನ ಪಂದ್ಯಾವಳಿಯ ಕೊನೆಯ ಕುಸ್ತಿ. ಸೈಜಣ್ಣನ ಮೆಚ್ಚಿನ ಬೋಳುತಲೆ ಪೈಲ್ವಾನ ಒಬ್ಬೊಬ್ಬರನ್ನೇ ಮಣ್ಣು ಮುಕ್ಕಿಸಿ ಅಲ್ಲಿಯವರೆಗೆ ಬಂದಿದ್ದ. ಅದನ್ನು ತಪ್ಪಿಸಿಕೊಂಡರೆ ಬದುಕಿ ಏನು ಪ್ರಯೋಜನ ಎಂಬಷ್ಟು ಮಟ್ಟಿಗೆ ಇವನು ಕಾದಿದ್ದ.

"ರೀ, ಸಂಜೆ ತಂಗಿ, ಅವಳ ಗಂಡ ಊಟಕ್ಕೆ ಬರ್ತಿದಾರೆ," ಎಂದಳು ಹೆಂಡತಿ. "ಮದುವೆ ಆದ್ಮೇಲೆ ಮೊದಲನೇ ಸಲ. ಸ್ವಲ್ಪ ನಗ್ತಾ ಇರಿ."

"ನಗೋದು ಹೇಗೆ? ಟೀವಿಯವನು ರೇಟು ಏರಿಸಿದಾನೆ."

ಅಷ್ಟು ಹೇಳಿ ಅವನು ಮೆಟ್ಟಿಲ ಬಳಿ ಹೋಗಿ ಬಾಯಿ ಮುಕ್ಕಳಿಸಿದ್ದೇ ತಪ್ಪಾಯಿತು. ಆ ಕಟ್ಟಡದಲ್ಲಿ ಒಂದು ಮನೆಯ ಸಂಕಟ ಮೆಟ್ಟಿಲಿಗೆ ಬಂದರೆ ಅದು ಎಲ್ಲರ ಆಸ್ತಿ. ಮೇಲಿನ ಮನೆಯ ಡ್ರಿಲ್ ಮೇಷ್ಟ್ರು ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಎದೆ ಮಾತ್ರ ಇನ್ನೂ ನೌಕರಿಯಲ್ಲಿತ್ತು. ಅದನ್ನು ಮುಂದೆ ಮಾಡಿಕೊಂಡು ಇಳಿದು ಬಂದರು. ಎದುರು ಮನೆಯ ವಿಮಾ ಏಜೆಂಟು ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡೇ ಬಾಗಿಲು ತೆರೆದ.

"ನಂಗೂ ಬಂತಯ್ಯ ಆ ಮೆಸೇಜು," ಎಂದರು ಮೇಷ್ಟ್ರು. "ಇದು ಅನ್ಯಾಯ. ಸುಮ್ನೆ ಇರಬೇಡ. ಹೋರಾಡು."

"ನೀವೂ ಹೋರಾಡ್ತೀರಾ ಮೇಷ್ಟ್ರೇ?"

"ನಾನು ನಿನ್ನ ಹಿಂದೆ ಇರ್ತೀನಿ."

ವಿಮಾ ಏಜೆಂಟು ದನಿ ತಗ್ಗಿಸಿದ. "ಅಣ್ಣಾ, ಒಂದು ಉಪಾಯ ಇದೆ. ಫೋನ್ ಮಾಡಿ ಕನೆಕ್ಷನ್ನೇ ಬೇಡ, ಕಿತ್ತಾಕಿ ಅನ್ನಬೇಕು. ಅಷ್ಟೇ, ನಡುಗಿ ಹೋಗ್ತಾರೆ. ಇರಿ ಸರ್, ಬಿಟ್ಟು ಹೋಗಬೇಡಿ ಸರ್ ಅಂತ ಹಳೇ ರೇಟಿಗೇ ಕೊಡ್ತಾರೆ. ಗಿರಾಕಿ ಎದ್ದು ಹೊರಟ್ರೆ ನಿಮ್ಮಂಗಡೀಲಿ ಏನ್ಮಾಡ್ತೀರಿ?"

ಸೈಜಣ್ಣ ಯೋಚಿಸಿದ. ಗಿರಾಕಿ ಎದ್ದು ಹೊರಟರೆ ಅವನ ಯಜಮಾನ ಬಾಗಿಲವರೆಗೂ ಹಿಂದೆ ಓಡುತ್ತಿದ್ದ. ಉಪಾಯ ಪಾದಕ್ಕೆ ಸರಿಯಾಗಿ ಕೂತಿತು.

ಮೆಟ್ಟಿಲ ಮೇಲೇ ಕೂತು ಫೋನ್ ಹಚ್ಚಿದ. ಮೊದಲು ಪಿಟೀಲು. ನಂತರ, ನಿಮ್ಮ ಕರೆ ನಮಗೆ ಅಮೂಲ್ಯ ಎಂಬ ಮಾತು. ಮತ್ತೆ ಪಿಟೀಲು. ಅಮೂಲ್ಯವಾದುದನ್ನು ಜನ ತಿಜೋರಿಯಲ್ಲಿಟ್ಟು ಮರೆಯುತ್ತಾರೆ, ಇವನ ಕರೆಗೂ ಅದೇ ಗತಿಯಾಯಿತು. ಮೇಷ್ಟ್ರು ಇವನ ಮನೆಯ ಕಾಫಿ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಜೇನಿನಲ್ಲಿ ಅದ್ದಿದಂಥ ಒಂದು ದನಿ ಬಂತು.

"ನಮಸ್ಕಾರ ಸರ್. ಹೇಳಿ, ಏನು ಸಹಾಯ ಮಾಡಲಿ?"

"ರೇಟು ಯಾಕೆ ಏರ್ಸಿದ್ರಿ?"

"ಸರ್, ತಾವು ನಮ್ಮ ಬಹಳ ಹಳೆಯ ಗ್ರಾಹಕರು. ಈ ದರ ಹಳೆಯ ಗ್ರಾಹಕರಿಗಾಗಿಯೇ ವಿಶೇಷವಾಗಿ ಮಾಡಿದ್ದು."

"ಹೊಸಬರಿಗೆ?"

"ಹೊಸಬರಿಗೆ ಕಡಿಮೆ ಸರ್."

ಮೇಷ್ಟ್ರು ಎದುರಿಗೆ ಮುಷ್ಟಿ ಬಿಗಿಹಿಡಿದು ತೋರಿಸಿದರು. ವಿಮಾ ಏಜೆಂಟು ಕಣ್ಣು ಹೊಡೆದ. ಸೈಜಣ್ಣ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ನಂಗೆ ನಿಮ್ಮ ಕನೆಕ್ಷನ್ನೇ ಬೇಡ. ಈಗಲೇ ಕಿತ್ತಾಕಿ," ಎಂದ. ಎಂದು, ಆ ಕಡೆಯವರು ನಡುಗುವುದಕ್ಕೆ ಅನುವು ಮಾಡಿಕೊಟ್ಟು ಕಾದ.

"ಆಯ್ತು ಸರ್. ಕಿತ್ತಿದ್ದೇವೆ. ಇಷ್ಟು ವರ್ಷ ನಮ್ಮೊಂದಿಗೆ ಇದ್ದದ್ದಕ್ಕೆ ಧನ್ಯವಾದ. ಶುಭದಿನ."

ಒಳಗೆ ಟೀವಿಯಲ್ಲಿ ಮಾತಾಡುತ್ತಿದ್ದವರು ಅರ್ಧ ಮಾತಿಗೇ ನಿಂತರು. ಮನೆ ಒಮ್ಮೆಲೇ ಬಿಕೋ ಎಂದಿತು.

"ಅಳಿಯಂದ್ರೇ," ಎಂದು ಅತ್ತೆಯ ದನಿ ಬಂತು. "ಟೀವಿ ಸತ್ತುಹೋಯ್ತು."

ಸೈಜಣ್ಣ ತಿರುಗಿ ನೋಡಿದ. ಹಿಂದೆ ಇರುತ್ತೇನೆಂದ ಮೇಷ್ಟ್ರು ಎಷ್ಟು ಹಿಂದೆ ಸರಿದಿದ್ದರೆಂದರೆ ಮಹಡಿಯ ಮೇಲಿನ ಅವರ ಮನೆಯ ಬಾಗಿಲು ಹಾಕಿಕೊಂಡ ಸದ್ದಷ್ಟೇ ಕೇಳಿಸಿತು. ಅದರ ಹಿಂದೆಯೇ ಅವರ ಟೀವಿಯ ಸದ್ದು. ವಿಮಾ ಏಜೆಂಟು ಉಳಿದರ್ಧ ಮುಖ ಬೋಳಿಸಿಕೊಳ್ಳಲು ಹೋಗಿದ್ದ.

"ನೀನು ಕಟ್ಟಿದ್ಯಾ ಹೊಸ ರೇಟು?" ಎಂದು ಅವನ ಕಿಟಕಿಗೆ ಬಾಯಿಟ್ಟು ಕೇಳಿದ ಸೈಜಣ್ಣ.

"ಮೆಸೇಜು ಬಂದ ಕೂಡ್ಲೇ ಕಟ್ಟಿಬಿಟ್ಟೆ ಅಣ್ಣಾ. ಮನೇಲಿ ಗಲಾಟೆ ಯಾಕೆ ಅಂತ."

ಒಳಗೆ ಅತ್ತೆ ಕಪ್ಪು ಪರದೆಯ ಮುಂದೆ ಕೈಕಟ್ಟಿ ಕೂತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆಂಡತಿ ಆ ಕೊರತೆಯನ್ನು ತುಂಬಿದಳು. "ಸಂಜೆ ಹೊಸ ಅಳಿಯ ಬರ್ತಾನೆ. ಈ ಕಪ್ಪು ಡಬ್ಬಾನ ತೋರಿಸ್ಲಾ ಅವನಿಗೆ? ಅಮ್ಮ ಏನು ಗೋಡೆ ನೋಡ್ಕೊಂಡು ಕೂರಬೇಕಾ? ಹೋಗ್ರೀ, ಏನಾದ್ರೂ ಮಾಡಿ ಬನ್ನಿ."

ಕಂಪನಿಯ ಕಚೇರಿ ಪೇಟೆಯ ಬೀದಿಯಲ್ಲಿ, ಒಂದು ಔಷಧದಂಗಡಿಯ ಮೇಲೆ ಇತ್ತು. ಕೌಂಟರಿನ ಹೆಂಗಸಿನ ಪಾದ ಐದರ ಅಳತೆ, ಎಡ ಚಪ್ಪಲಿಯ ಹಿಮ್ಮಡಿ ಸವೆದಿತ್ತು. ದಿನವಿಡೀ ಒಂದೇ ಕಾಲಿನ ಮೇಲೆ ನಿಂತು ಇಲ್ಲ ಎನ್ನುವವರ ಹಿಮ್ಮಡಿ ಅದು. ಸೈಜಣ್ಣ ಮೆಲ್ಲಗೆ, ಬೆಳಿಗ್ಗೆ ಹೇಳಿದ್ದು ಸಿಟ್ಟಿನಲ್ಲಿ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು, ಕನೆಕ್ಷನ್ ಮತ್ತೆ ಕೊಡಿ ಎಂದ.

"ಬಿಟ್ಟುಹೋದವರಿಗೆ ಆರು ತಿಂಗಳು ಕೊಡೋ ಹಾಗಿಲ್ಲ ಸರ್."

"ಹೊಸಬ ಅಂತ ಕೊಡಿ."

"ನೀವು ಹೊಸಬರಲ್ವಲ್ಲ ಸರ್. ಬಿಟ್ಟುಹೋದ ಹಳಬರು."

"ನಾನು ಇಷ್ಟು ವರ್ಷ ಒಂದು ದಿನ ತಪ್ಪದೆ ಕಟ್ಟಿದೀನಿ. ನನಗೆ ಜಾಸ್ತಿ, ದಾರಿಹೋಕನಿಗೆ ಕಡಿಮೆ. ಇದು ಯಾವ ನ್ಯಾಯ ಅಮ್ಮ?"

ಆ ಹೆಂಗಸು ಸುತ್ತ ನೋಡಿ, ಸ್ವಲ್ಪ ಬಾಗಿ, ಗುಟ್ಟು ಹೇಳುವವಳಂತೆ ಹೇಳಿದಳು. "ಹಳಬರು ಎಲ್ಲಿಗೂ ಹೋಗೋದಿಲ್ಲ ಸರ್, ಅಭ್ಯಾಸ ಆಗಿರುತ್ತೆ. ಹೊಸಬರನ್ನಾದ್ರೆ ಕರೀಬೇಕು, ಉಪಚಾರ ಮಾಡ್ಬೇಕು. ಮನೇಲಿ ಬೇರೆ ಯಾರದಾದ್ರೂ ಹೆಸರಿದ್ರೆ ತನ್ನಿ. ಹೊಸಬರ ರೇಟಲ್ಲೇ ಕೊಡ್ತೀನಿ."

ಸೈಜಣ್ಣನ ಮುಖ ಅರಳಿತು. ಅಂದರೆ ಹಳಬರ ದರಕ್ಕಿಂತ ಕಡಿಮೆ. ಹೋರಾಡು ಎಂದು ಬಾಗಿಲು ಹಾಕಿಕೊಂಡ ಮೇಷ್ಟ್ರ ಮುಂದೆ ಎದೆ ಸೆಟೆಸಿ ನಡೆಯಬಹುದು. ಹೆಂಡತಿಗೆ ಫೋನ್ ಮಾಡಿದ. ಅವಳ ಹೆಸರು ಆಗದು, ಹಳೆಯ ಕನೆಕ್ಷನ್ನಿಗೆ ಅವಳ ನಂಬರನ್ನೂ ಕೊಟ್ಟಿದ್ದರಿಂದ ಅವಳೂ ಹಳಬಳೇ ಆಗಿದ್ದಳು. ಉಳಿದವರು ಒಬ್ಬರೇ.

ಅತ್ತೆ ಒಳ್ಳೆಯ ಬಟ್ಟೆ ಉಟ್ಟು, ಕೈಚೀಲ ಹಿಡಿದು, ಆಟೋದಿಂದ ಇಳಿದರು. ಇಷ್ಟು ವರ್ಷಗಳಲ್ಲಿ ಅವರ ಹೆಸರಲ್ಲಿ ಯಾರೂ ಏನನ್ನೂ ಕೊಂಡಿರಲಿಲ್ಲ. ಮನೆ ಗಂಡನ ಹೆಸರಲ್ಲಿತ್ತು, ಆಮೇಲೆ ಸಾಲದವರ ಹೆಸರಿಗೆ ಹೋಯಿತು. ಕೌಂಟರಿನ ಹೆಂಗಸು ಕೈಮುಗಿದು "ಬನ್ನಿ ಅಮ್ಮ, ಕೂತ್ಕೊಳ್ಳಿ, ನೀರು ಬೇಕಾ?" ಎಂದಳು. ಸೈಜಣ್ಣನಿಗೆ ಕುರ್ಚಿಯನ್ನೂ ತೋರಿಸದವಳು.

"ಸರ್, ಅಮ್ಮಂದು ಗುರುತಿನ ಚೀಟಿ ಜೆರಾಕ್ಸ್ ಮಾಡ್ಸಿ ತನ್ನಿ."

ಜೆರಾಕ್ಸ್ ಅಂಗಡಿಯಲ್ಲಿ ಕರೆಂಟು ಹೋಗಿತ್ತು. ಇನ್ನೊಂದರಲ್ಲಿ ಕರೆಂಟು ಇತ್ತು, ಅಂಗಡಿಯವನು ಊಟಕ್ಕೆ ಹೋಗಿದ್ದ. ಸೈಜಣ್ಣ ಬೆವರಿಳಿಸಿಕೊಂಡು ಮರಳಿ ಬರುವಷ್ಟರಲ್ಲಿ ಕೌಂಟರಿನ ಆಚೆ ಈಚೆಯ ಇಬ್ಬರೂ ಬಹಳ ಕಾಲದ ಗೆಳತಿಯರ ಹಾಗೆ ತಲೆಗೆ ತಲೆ ತಾಗಿಸಿ ಮಾತಾಡುತ್ತಿದ್ದರು. ಅತ್ತೆಯ ಕೈಯಲ್ಲಿ ಹೊಸ ರಿಮೋಟು ಇತ್ತು. ಇವನನ್ನು ಕಂಡು ಮಾತು ನಿಲ್ಲಿಸಿದರು.

"ಏನತ್ತೆ, ಏನು ಹೇಳಿದ್ರು?"

"ಏನಿಲ್ಲ. ಗುಂಡಿ ಒತ್ತೋದು ಹೇಳಿಕೊಟ್ರು."

ಮಧ್ಯಾಹ್ನ ಕಂಪನಿಯವನು ಬಂದು ಡಬ್ಬಿ ಜೋಡಿಸಿದ. ಟೀವಿ ಬದುಕಿತು. ಸೈಜಣ್ಣ ಮೆಟ್ಟಿಲಲ್ಲಿ ನಿಂತು, ಹೊಸ ದರವನ್ನು ಮೂರು ಮಹಡಿಗೂ ಕೇಳಿಸುವಂತೆ ಹೆಂಡತಿಗೆ ಹೇಳಿದ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಮೇಷ್ಟ್ರ ಮನೆಯ ಟೀವಿಯ ಸದ್ದು ತುಸು ಕಡಿಮೆಯಾಯಿತು. ವಿಮಾ ಏಜೆಂಟು ಬಾಗಿಲು ತೆರೆದು, "ಉಪಾಯ ನಂದೇ ಅಲ್ವಾ ಅಣ್ಣಾ," ಎಂದ.

ಸಂಜೆ ತಂಗಿ ಬಂದು ಅಕ್ಕನ ಜೊತೆ ಅಡುಗೆಮನೆ ಸೇರಿದಳು, ಹಿಂದೆಯೇ ಹೊಸ ಅಳಿಯ ಬಂದ. ಎಳೆಯ ಮೀಸೆ, ಎಂಟರ ಪಾದ, ಹೊಳೆಯುವ ಬೂಟು. ಒಳಗೆ ಬಂದವನನ್ನು ಅತ್ತೆ ನೇರವಾಗಿ ಕೈಕುರ್ಚಿಯಲ್ಲಿ ಕೂರಿಸಿದರು. ಸೈಜಣ್ಣ ನಗುತ್ತಾ ಇರಬೇಕೆಂಬ ಆಜ್ಞೆ ನೆನೆದು ನಕ್ಕ. ಎಂಟು ಗಂಟೆಗೆ ಐದು ನಿಮಿಷವಿರುವಾಗ ಸ್ಟೂಲು ಎಳೆದುಕೊಂಡು ಕೂತು ಕುಸ್ತಿಯ ವಾಹಿನಿ ಒತ್ತಿದ.

ಪರದೆ ಕಪ್ಪಾಯಿತು. ಮಧ್ಯದಲ್ಲಿ ಬೀಗದ ಚಿತ್ರ, ಅದರ ಕೆಳಗೆ, "ಚಂದಾದಾರರು ತಮ್ಮ ರಹಸ್ಯ ಸಂಖ್ಯೆಯನ್ನು ಒತ್ತಿರಿ."

"ಅತ್ತೆ, ಇದೇನೋ ನಂಬರು ಕೇಳ್ತಿದೆ."

"ಹೌದು. ಹೊಡೆದಾಟ ಬಡಿದಾಟದ ಚಾನೆಲ್ಲಿಗೆಲ್ಲ ಬೀಗ ಹಾಕ್ಬಹುದಂತೆ. ಆ ಕೌಂಟರಿನವಳು ಹೇಳಿಕೊಟ್ಲು. ಮನೇಲಿ ಮಕ್ಕಳಿದಾರಾ ಅಂತ ಕೇಳಿದ್ಲು. ಇದಾರೆ ಅಂದೆ."

"ನಂಬರು ಏನು?"

"ಕನೆಕ್ಷನ್ ಯಾರ ಹೆಸರಲ್ಲಿದೆ ಅಳಿಯಂದ್ರೇ?"

ಅಡುಗೆಮನೆಯಲ್ಲಿ ಹೆಂಡತಿಯ ಕೈಯ ಪಾತ್ರೆ ಸದ್ದು ಮಾಡುವುದನ್ನು ನಿಲ್ಲಿಸಿತು. ಹೊಸ ಅಳಿಯ ಕುರ್ಚಿಯಲ್ಲಿ ಮುಂದಕ್ಕೆ ಜರುಗಿ, "ನಂಗೂ ಕುಸ್ತಿ ಅಂದ್ರೆ ಇಷ್ಟ ಅತ್ತೆ," ಎಂದ.

"ಹಾಗೇನಪ್ಪ? ಮೊದಲೇ ಹೇಳಬಾರದಾ," ಎಂದು ಅತ್ತೆ ಸೈಜಣ್ಣನ ಕೈಯಿಂದ ರಿಮೋಟು ತೆಗೆದುಕೊಂಡು, ಅದರ ಮೇಲೆ ಒಂದು ಕೈ ಮರೆಮಾಡಿ ಇನ್ನೊಂದು ಕೈಯಲ್ಲಿ ಗುಂಡಿ ಒತ್ತಲು ಹೋದವರು, ನಿಂತರು. ಸೈಜಣ್ಣನತ್ತ ತಿರುಗಿದರು. "ಅವರದು ಪುಕ್ಕಟೆ. ನಿಮ್ಮದು ತಿಂಗಳಿಗೆ ಇಷ್ಟು." ಅವರು ಹೇಳಿದ್ದು ಒಂದು ಜೊತೆ ಬಚ್ಚಲುಮನೆ ಚಪ್ಪಲಿಯ ಬೆಲೆ. ಒಂದು ಕಾಸು ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅವನಿಗೆ ಪುಕ್ಕಟೆ, ನನಗೆ ದುಡ್ಡು?"

"ಅವರು ಹೊಸಬರು. ಕರೀಬೇಕು, ಉಪಚಾರ ಮಾಡ್ಬೇಕು. ನೀವು ಹಳಬರು. ಎಲ್ಲಿಗೆ ಹೋಗ್ತೀರಿ?"

ಸೈಜಣ್ಣ ಎದ್ದು ನಿಂತ. ಬೆಳಿಗ್ಗೆಯ ಬುದ್ಧಿಯೇ ಮತ್ತೆ ತಲೆಯೆತ್ತಿತು. "ಹಾಗಾದ್ರೆ ನಂಗೆ ಕುಸ್ತೀನೇ ಬೇಡ," ಎಂದು, ಕಾದ.

"ಆಯ್ತು," ಎಂದರು ಅತ್ತೆ, ಜೇನಿನಲ್ಲಿ ಅದ್ದಿದಂಥ ದನಿಯಲ್ಲಿ. "ಒಳಗೆ ಹೋಗಿ ಅವಳಿಗೆ ತರಕಾರಿ ಹೆಚ್ಚಿಕೊಡಿ. ಇಷ್ಟು ವರ್ಷ ನಾನು ಆ ಹೊತ್ತಲ್ಲಿ ಅಲ್ಲೇ ಇರ್ತಿದ್ದೆ. ಗಾಳಿ ಚೆನ್ನಾಗಿ ಬರುತ್ತೆ."

ಗಡಿಯಾರ ಎಂಟು ಹೊಡೆಯಿತು. ಸೈಜಣ್ಣ ಜೇಬಿಗೆ ಕೈಹಾಕಿದ. ಅತ್ತೆ ದುಡ್ಡನ್ನು ಎಣಿಸದೆ, ಕಣ್ಣಿಗೊತ್ತಿಕೊಂಡು, ಸಂಖ್ಯೆ ಒತ್ತಿದರು. ಪರದೆಯ ಮೇಲೆ ಬೋಳುತಲೆ ಪೈಲ್ವಾನ ತೊಡೆ ತಟ್ಟಿ ನಿಂತಿದ್ದ. ಸೈಜಣ್ಣ ಇನ್ನೇನು ಸ್ಟೂಲಿನ ಮೇಲೆ ಕೂರಬೇಕು, ಅಷ್ಟರಲ್ಲಿ ಅತ್ತೆ ಅದೇ ದುಡ್ಡನ್ನು ಅವನ ಕೈಗೆ ತಿರುಗಿ ಇಟ್ಟರು.

ಒಂದು ಗಳಿಗೆ ಅವನ ಕಣ್ಣು ತೇವವಾಯಿತು. ಎಷ್ಟಾದರೂ ಹೆಂಡತಿಯ ತಾಯಿ.

"ನಾಳೆ ಅಂಗಡಿಯಿಂದ ಬರ್ತಾ ಚಿಕ್ಕ ಅಳಿಯಂದ್ರಿಗೆ ಒಂದು ಜೊತೆ ಬಚ್ಚಲುಮನೆ ಚಪ್ಪಲಿ ತಂದ್ಬಿಡಿ. ಇನ್ನು ಆಗಾಗ ಬರ್ತಿರ್ತಾರೆ. ಅಳತೆ ಈಗಲೇ ನೋಡ್ಕೊಳ್ಳಿ, ಆಮೇಲೆ ಬಿಗಿ ಆಯ್ತು ಸಡಿಲ ಆಯ್ತು ಅನ್ನೋ ಹಾಗಾಗಬಾರದು."

"ಎಂಟು," ಎಂದ ಸೈಜಣ್ಣ, ನೋಡದೆಯೇ.

"ಅಂದಾಜು ಬೇಡ. ಸರಿಯಾಗಿ ಅಳೀರಿ."

ಹೊಸ ಅಳಿಯ ಸಂಕೋಚದಿಂದಲೇ ಬೂಟು ಕಳಚಿ ಕಾಲು ಚಾಚಿದ. ಸೈಜಣ್ಣ ರಜೆಯ ದಿನವೂ ಮಂಡಿಯೂರಿ, ಗೇಣು ಬಿಡಿಸಿ, ಪಾದ ಹಿಡಿದ. ಅವನ ಬೆನ್ನ ಹಿಂದೆ ಯಾರೋ ಧೊಪ್ಪೆಂದು ನೆಲಕ್ಕೆ ಬಿದ್ದ ಸದ್ದಾಯಿತು. ಜನ ಹೋ ಎಂದರು, ಹೊಸ ಅಳಿಯ ಚಪ್ಪಾಳೆ ತಟ್ಟಿದ.

"ಯಾರು ಬಿದ್ದದ್ದು?" ಎಂದು ಕೇಳಿದ ಸೈಜಣ್ಣ, ತಿರುಗುವಂತಿರಲಿಲ್ಲ.

"ನೀವು ಅಳತೆ ನೋಡಿ," ಎಂದರು ಅತ್ತೆ.