ಬೆಸ್ಸಿ ಅತ್ತೆಯ ಮೂರನೇ ಇಂಜಿನ್

ಇಂಗ್ಲೆಂಡಿನ ದಡ ಬಿಟ್ಟು ಸಮುದ್ರದ ಮೇಲೆ ಬರುತ್ತಿದ್ದಂತೆ ಮೂರನೇ ಇಂಜಿನ್ನಿನ ಆಯಿಲ್ ಒತ್ತಡ ತೋರಿಸುವ ಮುಳ್ಳು ನಡುಗತೊಡಗಿತು. ಕಂಡವನು ಆ ನಾಲ್ಕು ಇಂಜಿನ್ನಿನ ಬಾಂಬರಿನ ಮೆಕ್ಯಾನಿಕ್, ಸಾರ್ಜೆಂಟ್ ಆರ್ವಿಲ್ ಒಬ್ಬನೇ.

ಅವನಿಗಿದು ಇಪ್ಪತ್ತೈದನೇ ದಾಳಿ. ಇದೊಂದು ಮುಗಿದರೆ ಲೆಕ್ಕ ಭರ್ತಿ, ಅಮೆರಿಕದ ನೆಬ್ರಾಸ್ಕಾಕ್ಕೆ ವಾಪಸ್, ಲೊರೀನಾ ಜೊತೆ ಮದುವೆ. "ಕ್ರಿಸ್‌ಮಸ್ ಒಳಗೆ ಬರ್ಲಿಲ್ವೋ, ಹಲ್ಲಿನ ಡಾಕ್ಟರನ್ನ ಕಟ್ಕೋತೀನಿ" ಎಂದು ಅವಳು ಹೇಳಿಬಿಟ್ಟಿದ್ದಳು. ಆದರೆ ಶತ್ರುವಿನ ದಡ ಮುಟ್ಟದೆ ತಿರುಗಿದರೆ ದಾಳಿ ಲೆಕ್ಕಕ್ಕಿಲ್ಲ. ಮುಳ್ಳು ಕಂಡರೆ ಪೈಲಟ್ ಹ್ಯಾಸ್ಕೆಲ್ ತಿರುಗಿಸುವುದು ಖಂಡಿತ.

ಆರ್ವಿಲ್ ಬಾಯೊಳಗಿನ ಚ್ಯೂಯಿಂಗ್ ಗಮ್ ತೆಗೆದು ಮುಳ್ಳಿನ ಗಾಜಿಗೆ ಮೆತ್ತಿದ.

"ಏನಯ್ಯಾ ಅದು?" ಅಂದ ಹ್ಯಾಸ್ಕೆಲ್.

"ಗಾಜು ಬಿರುಕು ಬಿಟ್ಟಿತ್ತು ಸಾರ್."

"ಇಂಜಿನ್ ಸದ್ದು ಯಾಕೋ ಒಂಥರಾ ಇದೆ."

"ಬೆಸ್ಸಿ ಅತ್ತೆಗೆ ವಯಸ್ಸಾಯ್ತಲ್ವಾ ಸಾರ್, ಗೊಣಗ್ತಾಳೆ."

ಬೆಸ್ಸಿ ಅತ್ತೆ ಅಂದರೆ ಅವರ ವಿಮಾನ. ಶತ್ರುವಿನ ದಡ ದಾಟುವವರೆಗೆ ಗೊಣಗಿದ ಅತ್ತೆ, ಆಮೇಲೆ ಮೂರನೇ ಇಂಜಿನ್ ನಿಲ್ಲಿಸಿಯೇಬಿಟ್ಟಳು. ಬಾಂಬ್ ಹಾಕಿ ತಿರುಗುವಾಗ ಶತ್ರುವಿನ ಫಿರಂಗಿಗಳು ಒಂದನೇ ಇಂಜಿನ್ನನ್ನು ಒಡೆದವು. ಎಡರೆಕ್ಕೆಯ ತೂತುಗಳಲ್ಲಿ ಹಿಟ್ಟು ಜರಡಿ ಹಿಡಿಯಬಹುದಿತ್ತು. ಭಾರ ಇಳಿಸಲು ಬಂದೂಕು, ಹೆಲ್ಮೆಟ್ಟು, ಎಲ್ಲವನ್ನೂ ಸಮುದ್ರಕ್ಕೆ ಎಸೆದರು.

"ಆರ್ವಿಲ್ಲನ್ನೂ ಎಸೀರೋ!" ಬಾಲದ ಗನ್ನರ್ ಡಡ್ಲಿ ಕಿರುಚಿದ.

"ಎಸೆದ್ರೆ ಇಂಜಿನ್ ಯಾರು ನೋಡ್ಕೊಳ್ತಾರೆ?" ಅಂದ ಹ್ಯಾಸ್ಕೆಲ್.

"ಅವನು ನೋಡ್ಕೊಂಡಿದ್ದಕ್ಕೇ ಅಲ್ವಾ ಎರಡು ಹೋಗಿದ್ದು!"

ಅಂತೂ ಅತ್ತೆ ರನ್‌ವೇ ಮುಟ್ಟಿ, ಅದು ಸಾಲದೆ ಪಕ್ಕದ ಕೋಸಿನ ಹೊಲಕ್ಕೂ ನುಗ್ಗಿ ಕೂತಳು. ಆರ್ವಿಲ್ ಇಳಿದವನೇ ಒಂದು ಕೋಸನ್ನು ತಬ್ಬಿಕೊಂಡ. "ಬಂದೆ ಕಣೇ ಲೊರೀನಾ!"

ಅಷ್ಟರಲ್ಲಿ ರಿಪೇರಿ ಮೇಸ್ತ್ರಿ ಲುಂಡ್‌ಕ್ವಿಸ್ಟ್ ಓಡಿಬಂದ. ವಿಮಾನ ತನ್ನದು, ಹಾರುವವರಿಗೆ ಬರೀ ಎರವಲು ಎಂದು ನಂಬಿದ್ದ ಜೀವ ಅದು. "ಎರವಲು ತಗೊಂಡೋರು ಹೀಗಾ ತಂದ್ಕೊಡೋದು!" ಎನ್ನುತ್ತ ಒಳಹೊಕ್ಕವನು, ಬೆರಳಲ್ಲಿ ಗಮ್ ಹಿಡಿದು ಹೊರಬಂದ. ಹಿಂದೆಯೇ ವಾಯುನೆಲೆಯ ಮುಖ್ಯಸ್ಥ ಕರ್ನಲ್ ನಿಂತಿದ್ದರು.

"ಮುಳ್ಳು ಮುಚ್ಚಿದೋನು ಯಾರು?" ಅಂದರು ಕರ್ನಲ್.

ಆರ್ವಿಲ್ಲನ ಕಣ್ಣ ಮುಂದೆ ಜೈಲು, ಅದರಾಚೆ ಹಲ್ಲಿನ ಡಾಕ್ಟರು. "ನಾನೇ ಸಾರ್. ಹುಡುಗರು ಹೆದರ್ಕೋಬಾರ್ದು ಅಂತ. ನನಗೆ ಮುಳ್ಳು ಯಾಕೆ ಸಾರ್? ಸದ್ದು ಕೇಳಿದ್ರೆ ಸಾಕು. ಎರಡೇ ಇಂಜಿನ್ ಕೊಡಿ, ಎಲ್ಲಿಂದ ಬೇಕಾದ್ರೂ ಕರ್ಕೊಂಡ್ಬರ್ತೀನಿ!"

ಕರ್ನಲ್ ಕಣ್ಣು ತುಂಬಿ ಬಂತು. "ಹೊಸಬರು ಮುಳ್ಳು ಸ್ವಲ್ಪ ಅಲ್ಲಾಡಿದ್ರೆ ಮನೆಗೆ ಓಡಿಬರ್ತಾರೆ ಕಣಯ್ಯ. ನಿನ್ನಂಥೋನನ್ನ ನೆಬ್ರಾಸ್ಕಾಕ್ಕೆ ಕಳಿಸಿದ್ರೆ ನನ್ನಂಥ ದಡ್ಡ ಇಲ್ಲ. ಯುದ್ಧ ಮುಗಿಯೋವರೆಗೂ ಇಲ್ಲೇ ಇದ್ದು, ಮುಳ್ಳು ಮುಚ್ಕೊಂಡು ಎರಡೇ ಇಂಜಿನ್ನಲ್ಲಿ ಹಾರೋದು ಹೇಗೆ ಅಂತ ಅವರಿಗೆ ಪಾಠ ಮಾಡು."

"ಯಾ... ಯಾವ ವಿಮಾನದಲ್ಲಿ ಸಾರ್?"

"ಯುದ್ಧಕ್ಕೆ ಲಾಯಕ್ಕಿಲ್ಲದ್ದು ಒಂದು ಈಗ ತಾನೇ ಸಿಕ್ತಲ್ಲ!" ಎಂದು ಕರ್ನಲ್ ಕೋಸಿನ ಹೊಲದ ಕಡೆ ಕೈ ತೋರಿಸಿದರು.

ಲುಂಡ್‌ಕ್ವಿಸ್ಟ್ ಆರ್ವಿಲ್ಲನ ಅಂಗೈ ಬಿಡಿಸಿ ಗಮ್ ಇಟ್ಟ. "ಜೋಪಾನ ಇಟ್ಕೊಳ್ಳಿ ಮೇಷ್ಟ್ರೇ. ನಾಳೆಯಿಂದ ದಿನಾ ಬೇಕಾಗತ್ತೆ."